ಸತ್ತ ಸಸಿಯ ಲೆಕ್ಕವನ್ನೂ ಬರೆದಿಡಿ

ಸಂಪಾದಕರಿಗೆ,

ಮಳೆ ಹಿಡಿಯುತ್ತಿದ್ದಂತೆ ಈ ವರ್ಷವೂ ನಮ್ಮೂರ ಬೆಟ್ಟದ ಬುಡದಲ್ಲಿ ಹೊಸ ಫಲಕ ಎದ್ದಿದೆ: ನೆಟ್ಟ ವರ್ಷ, ಹೆಕ್ಟೇರ್, ಸಸಿಗಳ ಸಂಖ್ಯೆ. ಪಕ್ಕದಲ್ಲೇ ಹಳೆಯದೊಂದು ತುಕ್ಕು ಹಿಡಿದು ನಿಂತಿದೆ. ಆ ಲೆಕ್ಕದ ಸಸಿಗಳಲ್ಲಿ ಎಷ್ಟು ಉಳಿದವು, ಹೋದವು ಯಾಕೆ ಹೋದವು ಎಂಬುದು ಎಲ್ಲೂ ಬರೆದಿಲ್ಲ.

ನಾನು ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕಿನ ಅಡಿಕೆ ಬೆಳೆಗಾರ. ಹಿಂದೆ ಗ್ರಾಮ ಅರಣ್ಯ ಸಮಿತಿಯಲ್ಲಿದ್ದಾಗ ನರ್ಸರಿಯೊಂದರಲ್ಲಿ ಉಪ್ಪಗೆ ಎಂಬ ಹುಳಿಹಣ್ಣಿನ ಕಾಡುಮರದ ಬೀಜ ಹಾಕಿಸಿದ್ದೆವು. ಮಳೆಗಾಲದಲ್ಲಿ ಹಾಕಿದ್ದು ದೀಪಾವಳಿಯಾದರೂ ಮೊಳೆಯಲಿಲ್ಲ. ಬೀಜ ಸತ್ತಿದೆ ಎಂದುಕೊಂಡು ಕೊಟ್ಟೆಗಳ (ಸಸಿ ಚೀಲಗಳ) ಮಣ್ಣನ್ನೆಲ್ಲ ಬೇಲಿಯಾಚೆ, ನೀರು ಹರಿದುಹೋಗುವ ಕಡೆ ಸುರಿಸಿದೆವು. ಹಾಗೆ ಅಂದವರಲ್ಲಿ ನಾನೂ ಒಬ್ಬ. ಯುಗಾದಿ ಕಳೆದ ಮೇಲೆ ನೋಡಿದರೆ ಆ ಗುಡ್ಡೆಯ ತುಂಬ ಉಪ್ಪಗೆ ಮೊಳಕೆ! ಗಿಡಗಳಿಗೆ ನೀರು ಹಾಕುತ್ತಿದ್ದ ಅಜ್ಜಿ ನಕ್ಕುಬಿಟ್ಟರು: "ಉಪ್ಪಗೆಗೂ ಒಂಬತ್ತು ತಿಂಗಳು ತುಂಬ್ಬೇಕು ತಮಾ. ನನ್ನ ಯಾರು ಕೇಳಿದ್ರಿ?" ಬೀಜದ ಸಿಪ್ಪೆ ಸುಲಿದು ಹಾಕಿದರೆ ಬೇಗ ಹುಟ್ಟುತ್ತದೆಂದು ತಿಳಿದದ್ದು ಆಮೇಲೆ.

ಜಾಯಿಕಾಯಿ ಜಾತಿಯ ಕಾಡುಮರ ರಾಮಪತ್ರೆಯದು ಇದಕ್ಕೆ ತದ್ವಿರುದ್ಧ. ಬೀಜ ಒಣಗಿತೋ ಕೆಟ್ಟಿತು, ಹಸಿಯಲ್ಲೇ ಹಾಕಬೇಕು. ಗಂಡು ಮರ, ಹೆಣ್ಣು ಮರ ಬೇರೆಬೇರೆ. ಕಳೆದ ವರ್ಷ ಇನ್ನೊಂದು ನರ್ಸರಿಯಲ್ಲಿ ಅದರ ಬೀಜವನ್ನು ಅಡಿಕೆಯ ಹಾಗೆ ತಾಡಪಾಲಿನ ಮೇಲೆ ಬಿಸಿಲಿಗೆ ಹರಡಿದ್ದರು. ಹುಡುಗ ಹೊಸಬ, ಬೈಯಲು ಮನಸ್ಸಾಗಲಿಲ್ಲ. ಮುಂಚೆ ಇದ್ದವರಿಗೆ ಗೊತ್ತಿತ್ತು. ಅವರಿಗೆ ವರ್ಗವಾಯಿತು, ಗೊತ್ತಿದ್ದದ್ದೂ ಅವರ ಜೊತೆ ಬಸ್ಸು ಹತ್ತಿತು. 2000ದಲ್ಲಿ ವಿಜ್ಞಾನಿಗಳು ಹೆಸರಿಟ್ಟ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂಬ ಮರಕ್ಕೆ ನಮ್ಮ ತಾಲ್ಲೂಕಿನ ಕತ್ತಲೆಕಾನು ಎಂಬ ಕಾಡಿನ ಹೆಸರಿದೆ. ಕೆಲವೇ ಜಡ್ಡಿಗಳಲ್ಲಿ (ಕಾಡಿನೊಳಗಿನ ಜೌಗು ಜಾಗಗಳಲ್ಲಿ) ಉಳಿದಿರುವ ಅದರ ಬೀಜವೂ ಹೀಗೆ ತಿಳಿಯದವರ ಕೈಗೆ ಸಿಕ್ಕರೆ?

2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನತಾ ಜೀವವೈವಿಧ್ಯ ದಾಖಲಾತಿ, ಅಂದರೆ ಊರಿನ ಜೀವಸಂಪತ್ತನ್ನು ಜನರಿಂದ ಕೇಳಿ ಬರೆದಿಡುವ ಪುಸ್ತಕ, ಮಾಡಬೇಕು. ಮರಗಳ ಹೆಸರಿನ ಪಟ್ಟಿ ಮುಗಿದ ಮೇಲೆ ಅದೇ ಪುಸ್ತಕದಲ್ಲಿ ನಾಲ್ಕು ಹಾಳೆ ಬಿಡಲಿ. ಬೀಜ ಯಾವ ಮರದ್ದು, ಹಾಕಿದ್ದು ಯಾವಾಗ, ಮೊಳೆತದ್ದು ಯಾವಾಗ, ನೆಟ್ಟು ಮೂರು ಮಳೆಗಾಲ ಕಳೆದ ಮೇಲೆ ಉಳಿದದ್ದೆಷ್ಟು ಎಂದು ಕನ್ನಡದಲ್ಲಿ, ಕೈಬರಹದಲ್ಲಾದರೂ ಬರೆದಿಡಲಿ. ಇಂಗ್ಲಿಷ್ ವರದಿಗಳು ಬೆಂಗಳೂರಿಗೆ ಹೋಗುವುದು ಗೊತ್ತು, ನರ್ಸರಿಗೆ ವಾಪಸು ಬಂದದ್ದನ್ನು ನಾನಂತೂ ಕಂಡಿಲ್ಲ. ಇನ್ನೊಂದು ಮಾತು: ಸಸಿ ಸತ್ತಿತೆಂದು ಬರೆದವನಿಗೇ ನೋಟಿಸು ಬರುವ ಭಯವಿದ್ದರೆ ಯಾರೂ ನಿಜ ಬರೆಯಲಾರರು. ಆ ಭಯವನ್ನು ಮೇಲಿನವರೇ ತೆಗೆಯಬೇಕು.

ಮೊದಲ ಹಾಳೆಗೆ ನಮ್ಮ ಉಪ್ಪಗೆಯ ಪೆದ್ದುತನವನ್ನೇ ಬರೆದುಕೊಡುತ್ತೇನೆ. ಆ ಅಜ್ಜಿಗೆ ಈಗ ಎಂಬತ್ತು ದಾಟಿದೆ. ಅವರ ಬಾಯಿಂದ ಕೇಳಿ ಬರೆದುಕೊಳ್ಳುವುದಿದ್ದರೆ ಈ ಮಳೆಗಾಲದಲ್ಲೇ ಬನ್ನಿ.

– ಅಡಿಕೆ ಬೆಳೆಗಾರ, ಸಿದ್ದಾಪುರ (ಉ.ಕ.)