ಆ ಕೊತ್ತಂಬರಿ ಕೆಳಗೆ ಎರಡು ಅಕ್ಷರ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರದ ನಿಮ್ಮ ಪುರವಣಿಯಲ್ಲಿ ಹಳೆ ಪ್ಯಾಲೆಟ್ ತಂದು ಕೈತೋಟ ಮಾಡುವ ಬಗ್ಗೆ ಅರ್ಧ ಪುಟದ ಬರಹ ಬಂದಿತ್ತು. ಚೆನ್ನಾಗಿತ್ತು. ನನ್ನ ಹೆಂಡತಿ ಅದನ್ನು ಕತ್ತರಿಸಿ ಫ್ರಿಜ್ ಬಾಗಿಲಿಗೆ ಅಂಟಿಸಿದ್ದಾಳೆ. ನನ್ನ ತಕರಾರು ಬರಹದ ಬಗ್ಗೆ ಅಲ್ಲ, ಜೊತೆಗಿದ್ದ ಫೋಟೊ ಬಗ್ಗೆ. ಗೋಡೆಗೆ ಒರಗಿಸಿದ ಪ್ಯಾಲೆಟ್ಟಿನ ಸಂದುಗಳಲ್ಲಿ ಕೊತ್ತಂಬರಿ ಸೊಂಪಾಗಿ ಬಂದಿದೆ. ಕೆಳಗೆ ಎಡ ಮೂಲೆಯ ಮರದ ತುಂಡಿನ ಮೇಲೆ ಒಂದು ಕಪ್ಪು ಮುದ್ರೆ. ಪಂಚಾಂಗ ಓದಲು ಇಟ್ಟುಕೊಂಡಿರುವ ಭೂತಗನ್ನಡಿ ತಂದು ನೋಡಿದೆ. ಗೋಧಿ ತೆನೆಯ ಗುರುತು, ಪಕ್ಕದಲ್ಲಿ ಐಎನ್, ಒಂದು ನಂಬರು, ಕೊನೆಗೆ ಎಂಬಿ.

ನಾನು ತೋಟಗಾರಿಕೆ ಓದಿದವನಲ್ಲ. ಪೀಣ್ಯದ ಒಂದು ಕಾರ್ಖಾನೆಯ ಸ್ಟೋರ್ಸಿನಲ್ಲಿ 31 ವರ್ಷ ಇದ್ದೆ. ಬರುವ ಮಾಲಿಗೆ ಇನ್‌ವರ್ಡ್ ಎಂಟ್ರಿ, ಹೋಗುವ ಮಾಲಿಗೆ ಗೇಟ್ ಪಾಸ್, ನಡುವೆ ಫಾರ್ಕ್‌ಲಿಫ್ಟ್ ಓಡಿಸುವವನ ಜೊತೆ ಜಗಳ. ಪ್ಯಾಲೆಟ್ ಅಂದರೆ ಏನೆಂದು ಗೊತ್ತಿಲ್ಲದವರಿಗೆ ಹೇಳುವುದಾದರೆ, ಸಾಮಾನು ಹೇರಿ, ಕೆಳಗೆ ಫಾರ್ಕ್‌ಲಿಫ್ಟಿನ ಎರಡು ನಾಲಿಗೆ ತೂರಿಸಿ ಎತ್ತಲು ಮಾಡಿದ ಮರದ ಮಣೆ. ಊಟದ ಮಣೆಯ ದೊಡ್ಡಣ್ಣ ಅನ್ನಿ. ಸಾಮಾನು ಇಳಿಸಿದ ಮೇಲೆ ಅದರ ಕಡೆ ಯಾರೂ ತಿರುಗಿ ನೋಡುವುದಿಲ್ಲ. ನಾನೂ ಬಹಳ ಕಾಲ ನೋಡಿರಲಿಲ್ಲ.

ನೋಡುವುದನ್ನು ಕಲಿಸಿದ್ದು ಒಂದು ಪೆಟ್ಟು. ನಮ್ಮ ಮಾಲು ಹೊತ್ತ ಕಂಟೇನರ್ ಒಂದನ್ನು ಪರದೇಶದ ಬಂದರಿನಲ್ಲಿ ತಡೆದರು. ಮಾಲಿನಲ್ಲಿ ಏನೂ ತಪ್ಪಿಲ್ಲ. ಆರು ಪ್ಯಾಲೆಟ್ಟಿನಲ್ಲಿ ಒಂದರ ಮೇಲೆ ಮುದ್ರೆ ಇರಲಿಲ್ಲ. ಲೋಡಿಂಗ್ ದಿನ ಒಂದು ಪ್ಯಾಲೆಟ್ ಮುರಿದಿತ್ತು. ಬಡಗಿ ಅವಸರದಲ್ಲಿ ಹಿತ್ತಲಲ್ಲಿ ಬಿದ್ದಿದ್ದ ಇನ್ನೊಂದನ್ನು ತಂದು ಜೋಡಿಸಿದ್ದ. ಗೇಟ್ ಪಾಸಿಗೆ ಸಹಿ ಹಾಕಿದ್ದು ನಾನು. ಬೈಸಿಕೊಂಡಿದ್ದೂ ನಾನೇ. ಆವತ್ತಿನಿಂದ ಎಲ್ಲಿ ಪ್ಯಾಲೆಟ್ ಕಂಡರೂ ಮೊದಲು ಬಗ್ಗಿ ಮೂಲೆ ನೋಡುವುದು ಅಭ್ಯಾಸವಾಗಿದೆ. ಮದುವೆ ಮನೆಯಲ್ಲಿ ಗ್ಯಾಸ್ ಸಿಲಿಂಡರ್ ಕೆಳಗೆ ಪ್ಯಾಲೆಟ್ ಇಟ್ಟಿದ್ದರೂ ಬಗ್ಗುತ್ತೇನೆ.

ಮುದ್ರೆ ಯಾಕೆ ಬೇಕಾಯಿತು ಅಂದರೆ ಹುಳುವಿನಿಂದ. ಹಸಿ ಮರದೊಳಗೆ ಕೂತು ಹುಳುಗಳು ದೇಶ ದಾಟುತ್ತವೆ. 1996ರಲ್ಲಿ ಅಮೆರಿಕದ ಬ್ರೂಕ್ಲಿನ್‌ನಲ್ಲಿ ಬೀದಿ ಬದಿಯ ಮೇಪಲ್ ಮರಗಳನ್ನು ಒಳಗಿಂದ ತಿನ್ನುತ್ತಿದ್ದ ಒಂದು ಉದ್ದ ಮೀಸೆಯ ದುಂಬಿ ಸಿಕ್ಕಿತು. ಚೀನಾದ ಕಡೆಯದು. ಬಂದದ್ದು ಪ್ಯಾಕಿಂಗ್ ಮರದಲ್ಲಿ. ಅದನ್ನು ಹಿಡಿಯಲು ಹೋಗಿ ಸಾವಿರಾರು ಮರ ಕಡಿದರು. ಇಂಥ ಪಾಡು ಬೇಡ ಅಂತ 2002ರಲ್ಲಿ ದೇಶದೇಶಗಳು ಸೇರಿ ಒಂದು ನಿಯಮ ಮಾಡಿದವು. ಐಎಸ್‌ಪಿಎಂ 15 ಅಂತ ಅದರ ಹೆಸರು. ಗಡಿ ದಾಟುವ ಪ್ಯಾಕಿಂಗ್ ಮರದಲ್ಲಿ ಜೀವಂತ ಹುಳು ಇರದಂತೆ ಮಾಡಿ, ಗೋಧಿ ತೆನೆಯ ಮುದ್ರೆ ಒತ್ತಬೇಕು. ಐಎನ್ ಅಂದರೆ ಇಂಡಿಯಾ. ನಂಬರು ಮಾಡಿದವರದ್ದು. ಕೊನೆಯ ಎರಡು ಅಕ್ಷರ ಹುಳು ಹೇಗೆ ಸತ್ತಿತು ಅನ್ನುವುದನ್ನು ಹೇಳುತ್ತದೆ.

ಎಚ್‌ಟಿ ಇದ್ದರೆ ಶಾಖದಿಂದ. ಮರವನ್ನು ಗೂಡಿನಲ್ಲಿಟ್ಟು, ಅದರ ನಡು ತಿರುಳು 56 ಡಿಗ್ರಿ ಸೆಲ್ಸಿಯಸ್ ಮುಟ್ಟಿದ ಮೇಲೆ ಪೂರ್ತಿ ಅರ್ಧ ಗಂಟೆ ಹಾಗೇ ಬಿಡುತ್ತಾರೆ. ಬರೀ ಬಿಸಿ, ಬೇರೇನೂ ಇಲ್ಲ. ಎಂಬಿ ಇದ್ದರೆ ಮೀಥೈಲ್ ಬ್ರೋಮೈಡ್. ಟಾರ್ಪಾಲಿನ ಕೆಳಗೆ ಮುಚ್ಚಿ ವಿಷಾನಿಲ ಬಿಡುವುದು. ಈ ಅನಿಲ ಓಜೋನ್ ಪದರವನ್ನೂ ತಿನ್ನುತ್ತದೆ. ಅದಕ್ಕೇ ಮಾಂಟ್ರಿಯಲ್ ಒಪ್ಪಂದದಲ್ಲಿ ಶ್ರೀಮಂತ ದೇಶಗಳಿಗೆ 2005, ನಮ್ಮಂಥವರಿಗೆ 2015 ಗಡುವು ಹಾಕಿ ಬಳಕೆ ನಿಲ್ಲಿಸಿ ಅಂದರು. ಆದರೆ ಗಡಿ ದಾಟುವ ಸರಕಿನ ಹುಳು ಕೊಲ್ಲುವ ಕೆಲಸಕ್ಕೆ ಮಾತ್ರ ವಿನಾಯಿತಿ ಬಿಟ್ಟರು. ಯುರೋಪಿನವರು 2010ರಲ್ಲಿ ಅದನ್ನೂ ನಿಲ್ಲಿಸಿದರು. ಹಾಗಾಗಿ ಜರ್ಮನಿಯಿಂದ ಮೆಷಿನ್ ಹೊತ್ತು ಬರುವ ಪೈನ್ ಪ್ಯಾಲೆಟ್ ಮೇಲೆ ಸಾಮಾನ್ಯವಾಗಿ ಎಚ್‌ಟಿ ಇರುತ್ತದೆ. ಬೇರೆ ಕಡೆಯಿಂದ ಬಂದದ್ದರಲ್ಲಿ ನೋಡಿಯೇ ನಂಬಬೇಕು.

ಆ ಕೊತ್ತಂಬರಿ ತಿಂದವರಿಗೆ ನಾಳೆ ಏನೋ ಆಗಿಬಿಡುತ್ತದೆ ಅಂತ ನಾನು ಹೆದರಿಸುತ್ತಿಲ್ಲ. ಅನಿಲ ಬಹುಪಾಲು ಹಾರಿಹೋಗುತ್ತದೆ. ಮರದಲ್ಲಿ ಬ್ರೋಮೈಡ್ ಅಂಶ ಸ್ವಲ್ಪ ಉಳಿಯುತ್ತದೆ. ಆದರೆ ಎಚ್‌ಟಿ ಪ್ಯಾಲೆಟ್ ಅದೇ ಗುಜರಿಯಲ್ಲಿ ಅದೇ ದುಡ್ಡಿಗೆ ಸಿಗುವಾಗ, ಸೊಪ್ಪಿನ ಬೇರಿಗೆ ಎಂಬಿ ಮರ ಯಾಕೆ ಅಲ್ವಾ?

ಇಷ್ಟೆಲ್ಲ ತಿಳಿದವನು ನನ್ನ ತೋಟದಲ್ಲಿ ಏನು ಮಾಡಿದೆ ಅಂತ ಹೇಳದಿದ್ದರೆ ಅನ್ಯಾಯವಾಗುತ್ತದೆ. ರಿಟೈರ್ ಆದ ಮೊದಲ ಮಳೆಗಾಲ. ಮನೆ ಹತ್ತಿರದ ಗುಜರಿಯಿಂದ ನೂರೈವತ್ತು ರೂಪಾಯಿಗೆ ಒಂದು ಪ್ಯಾಲೆಟ್ ತಂದೆ. ಮೂಲೆ ನೋಡಿದೆ, ಎಚ್‌ಟಿ ಇತ್ತು. ಹಿಗ್ಗಿದೆ. ಹೆಂಡತಿಗೆ, ಪಕ್ಕದ ಮನೆಯವರಿಗೆ, ಹಾಲಿನ ಹುಡುಗನಿಗೆ ಎಲ್ಲರಿಗೂ ಮುದ್ರೆಯ ಪಾಠ ಮಾಡಿದೆ. ಪೆಟ್ಟಿಗೆ ಮಾಡಿ ಮೆಂತ್ಯ ಹಾಕಿದೆ. ಮೂರನೇ ದಿನಕ್ಕೆ ಮೊಳಕೆ ಬಂತು. ನಾಲ್ಕು ಬೆರಳು ಎತ್ತರ ಬಂದಾಗ ಒಂದು ಪಕ್ಕದ ಗಿಡಗಳೆಲ್ಲ ಹಳದಿಯಾಗಿ ಮಲಗಿದವು. ಇನ್ನೊಂದು ಪಕ್ಕ ಹಸಿರಾಗೇ ಇತ್ತು. ನೀರು ಜಾಸ್ತಿ ಆಯಿತೇನೋ ಅಂದುಕೊಂಡೆ. ಹೆಂಡತಿ ಬಂದು ಬಗ್ಗಿ ಮೂಸಿದಳು. "ರೀ, ಇದು ನಿಮ್ಮ ಹಳೆ ಯೂನಿಫಾರಂ ವಾಸನೆ" ಅಂದಳು.

ಕೂಲೆಂಟ್. ಲೇಥ್ ಮೆಷಿನ್ನಿಗೆ ಸುರಿಯುವ ಎಣ್ಣೆ ನೀರು. ಆ ಪ್ಯಾಲೆಟ್ ಮೇಲೆ ಯಾವ ಕಾಲದಲ್ಲೋ ಅದರ ಬ್ಯಾರೆಲ್ ಕೂತು ಸೋರಿತ್ತು. ಒಣಗಿದ್ದಾಗ ಸುಮ್ನೆ ಕಪ್ಪು ಕಲೆ. ಒದ್ದೆಯಾದ ಮೇಲೆ ಬಣ್ಣ ಬಯಲಾಯಿತು. ಮೂವತ್ತೊಂದು ವರ್ಷ ಅದೇ ವಾಸನೆಯಲ್ಲಿ ಬದುಕಿದ ನನ್ನ ಮೂಗಿಗೆ ಅದು ವಾಸನೆಯಾಗಿಯೇ ಉಳಿದಿರಲಿಲ್ಲ. ಮುದ್ರೆ ಹುಳುವಿನ ಜಾತಕ ಹೇಳುತ್ತದೆ, ಹೊತ್ತ ಸರಕಿನ ಜಾತಕ ಹೇಳುವುದಿಲ್ಲ. ನಿಮ್ಮ ಬರಹದಲ್ಲಿ ಈ ಎರಡನೇ ಮಾತೂ ಇರಲಿಲ್ಲ. "ಯಾವುದಾದರೂ ಹಳೆ ಪ್ಯಾಲೆಟ್" ಅಂತ ಇತ್ತು.

ಈಗ ನಾನು ಗುಜರಿಗೆ ಹೋಗುವಾಗ ಒಂದು ಬಾಟಲಿ ನೀರು ಒಯ್ಯುತ್ತೇನೆ. ಹಲಗೆ ಮೇಲೆ ಸುರಿದು ಎರಡು ನಿಮಿಷ ಬಿಟ್ಟು ಮೂಸುತ್ತೇನೆ. ಅಂಗಡಿ ಹುಡುಗರು ನಗುತ್ತಾರೆ. ನಗಲಿ. ಕಲೆ ಇದ್ದರೆ ಬೇಡ, ಬಣ್ಣ ಬಳಿದಿದ್ದರೆ ಬೇಡ. ನೀಲಿ ಬಣ್ಣದ ಗಟ್ಟಿ ಪ್ಯಾಲೆಟ್ ಹೆಚ್ಚಾಗಿ ಬಾಡಿಗೆ ಕಂಪನಿಯವರದ್ದು, ಗುಜರಿಗೆ ಬಂದಿದೆ ಅಂದರೆ ಯಾರೋ ವಾಪಸ್ ಕೊಡದೆ ಎತ್ತಿದ್ದಾರೆ ಅಂತ ಅರ್ಥ. ಅದರ ಸಹವಾಸವೇ ಬೇಡ. ಮುದ್ರೆಯೇ ಇಲ್ಲದ್ದನ್ನು ಮಾತ್ರ ಸುಮ್ಮನೆ ತಳ್ಳಬೇಡಿ. ದೇಶದೊಳಗೇ ಓಡಾಡುವ ಪ್ಯಾಲೆಟ್ಟಿಗೆ ಮುದ್ರೆ ಬೇಕಿಲ್ಲ. ಟೈಲ್ಸ್ ಬಂದ ಪ್ಯಾಲೆಟ್, ಗಾಜು ಬಂದ ಪ್ಯಾಲೆಟ್ ಆದರೆ ನಾನು ಕಣ್ಣು ಮುಚ್ಚಿ ತರುತ್ತೇನೆ, ಮೂಗು ಮಾತ್ರ ಮುಚ್ಚುವುದಿಲ್ಲ.

ಮರದ ಬಗ್ಗೆಯೂ ಒಂದು ಮಾತು. ನಮ್ಮ ಕಡೆ ಪ್ಯಾಲೆಟ್ಟಿಗೆ ಬರುವುದು ಸಿಲ್ವರ್ ಓಕ್, ನೀಲಗಿರಿ, ರಬ್ಬರ್ ಮರ. ಸಿಲ್ವರ್ ಓಕ್ ಅಂದರೆ ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟದಲ್ಲಿ ನೆರಳಿಗೆ ನೆಟ್ಟು, ಮೆಣಸಿನ ಬಳ್ಳಿ ಹಬ್ಬಿಸುತ್ತಾರಲ್ಲ, ಅದೇ. ಅಲ್ಲಿ ಮೆಣಸು ಹೊತ್ತು, ಪೀಣ್ಯದಲ್ಲಿ ಗೇರ್‌ಬಾಕ್ಸ್ ಹೊತ್ತು, ಕೊನೆಗೆ ನಮ್ಮ ಮನೆಯಲ್ಲಿ ಬಸಳೆ ಹೊರುತ್ತಿದೆ. ರಬ್ಬರ್ ಮರಕ್ಕೆ ಕುಟ್ಟೆ ಬೇಗ ಹಿಡಿಯುತ್ತದೆ. ಬೆಳಿಗ್ಗೆ ಎದ್ದು ನೋಡಿದರೆ ಕೆಳಗೆ ಗೋಧಿ ಹಿಟ್ಟು ಚೆಲ್ಲಿದ ಹಾಗೆ ಪುಡಿ ಬಿದ್ದಿರುತ್ತದೆ.

ಗೆದ್ದಲಿಗೆ ಮದ್ದು ಹೇಳಿದವರು ನಮ್ಮ ಅತ್ತೆ. ಕುಂದಾಪುರದ ಕಡೆಯವರು. ಅಲ್ಲಿ ದೋಣಿಗೂ ಮರಮುಟ್ಟಿಗೂ ಗೇರೆಣ್ಣೆ ಬಳಿಯುವುದು ಹಳೇ ರೂಢಿ. ಗೇರುಬೀಜದ ಸಿಪ್ಪೆಯಿಂದ ತೆಗೆದ ಕಪ್ಪು ಎಣ್ಣೆ. ಮಣ್ಣಿಗೆ ತಾಗುವ ಕಾಲುಗಳಿಗೆ ಹೊರಗಿನಿಂದ ಎರಡು ಸಲ ಬಳಿದೆ. ಅತ್ತೆ "ಕೈಗೆ ಚೀಲ ಕಟ್ಟಿಕೊಳ್ಳಿ" ಅಂದಿದ್ದನ್ನು ಕೇಳದೆ ಹೆಬ್ಬೆರಳು ಬೊಕ್ಕೆ ಎದ್ದು ಹದಿನೈದು ದಿನ ಅನ್ನ ಕಲಸಲು ಒದ್ದಾಡಿದೆ. ಎಣ್ಣೆ ಬಳಿಯುವುದಕ್ಕಿಂತ ಸುಲಭದ ದಾರಿ, ಪೆಟ್ಟಿಗೆಯನ್ನು ನೆಲಕ್ಕೆ ತಾಗಿಸದೆ ನಾಲ್ಕು ಇಟ್ಟಿಗೆ ಮೇಲೆ ಕೂರಿಸುವುದು. ಬೆಂಗಳೂರಿನ ಕೆಂಪು ಮಣ್ಣಿನ ಮೇಲೆ ಹಲಗೆ ಹಾಗೇ ಬಿಟ್ಟರೆ ಎರಡು ಮಳೆಗಾಲ ಬಾಳುವುದೂ ಕಷ್ಟ.

ಬಿಚ್ಚುವ ವಿಷಯಕ್ಕೆ ಬಂದರೆ, ಸುತ್ತಿಗೆ ಹಾರೆ ಹಿಡಿದು ಮೊಳೆ ಕೀಳಲು ಹೋಗಬೇಡಿ. ಪ್ಯಾಲೆಟ್ ಮೊಳೆ ಸಾದಾ ಮೊಳೆ ಅಲ್ಲ, ಮೈ ತಿರುಚಿರುತ್ತದೆ. ಎಳೆದರೆ ಹಲಗೆ ಸೀಳುತ್ತದೆ, ಮೊಳೆ ಬರುವುದಿಲ್ಲ. ಹಲಗೆಗೂ ಕೆಳಗಿನ ತುಂಡಿಗೂ ನಡುವೆ ಹ್ಯಾಕ್ಸಾ ಬ್ಲೇಡ್ ತೂರಿಸಿ ಮೊಳೆಯನ್ನೇ ಕೊಯ್ಯಬೇಕು. ತಲೆ ಹಲಗೆಯಲ್ಲೇ ಉಳಿಯುತ್ತದೆ, ನೋಡಲೂ ಚಂದ. ಬಿಚ್ಚುವ ತಾಳ್ಮೆ ಇಲ್ಲದವರು ನಾಲ್ಕು ಪ್ಯಾಲೆಟ್ ನಿಲ್ಲಿಸಿ, ಮೂಲೆಗೆ ತಂತಿ ಕಟ್ಟಿ. ಗೊಬ್ಬರದ ತೊಟ್ಟಿ ರೆಡಿ. ಸಂದಿನಲ್ಲಿ ಗಾಳಿ ಆಡುವುದರಿಂದ ವಾಸನೆ ಬರುವುದಿಲ್ಲ. ನನ್ನ ಪ್ರಕಾರ ಪ್ಯಾಲೆಟ್ಟಿಗೆ ಇದಕ್ಕಿಂತ ಒಳ್ಳೆಯ ಕೆಲಸ ಇನ್ನೊಂದಿಲ್ಲ. ಪುರವಣಿಯ ಫೋಟೊದಲ್ಲಿ ಚಂದ ಕಾಣುವುದಿಲ್ಲ, ಅಷ್ಟೆ.

ತಾರಸಿ ಮೇಲೆ ಇಡುವವರಿಗೆ ಲೆಕ್ಕ. ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲ, ಮುಕ್ಕಾಲು ಅಡಿ ಆಳದ ಪೆಟ್ಟಿಗೆಗೆ ಆರು ಘನ ಅಡಿ ಮಣ್ಣು ಹಿಡಿಯುತ್ತದೆ. ಒದ್ದೆ ಮಣ್ಣು ಘನ ಅಡಿಗೆ ಸುಮಾರು 45 ಕಿಲೋ. ಒಟ್ಟು 270 ಕಿಲೋ. ನಾಲ್ಕು ಜನ ಬೀಗರು ಬಂದು ವರ್ಷಪೂರ್ತಿ ಅಲ್ಲೇ ಏಳದೆ ಕೂತ ಹಾಗೆ. ಸೊಪ್ಪಿಗೆ ಅಷ್ಟು ಆಳ ಬೇಕಾಗಿಲ್ಲ, ಅರ್ಧ ಅಡಿ ಸಾಕು. ಮಣ್ಣಿಗೆ ಅರ್ಧ ಪಾಲು ತೆಂಗಿನ ನಾರಿನ ಪುಡಿ ಬೆರೆಸಿ, ಕೆಳಗೆ ಗೋಡೆ ಇರುವ ಅಂಚಿಗೆ ಇಡಿ.

ಈ ಕಾಗದ ಬರೆಯಲು ಇನ್ನೊಂದು ಕಾರಣವೂ ಇದೆ. ಚಳಿಗಾಲದಲ್ಲಿ ಪೀಣ್ಯದ ರಸ್ತೆಗಳಲ್ಲಿ ಬೆಳಗಿನ ಜಾವ ಓಡಾಡಿದವರಿಗೆ ಗೊತ್ತು. ಗೇಟಿಗೊಂದು ಬೆಂಕಿ. ವಾಚ್‌ಮನ್‌ಗಳು ಮುರಿದ ಪ್ಯಾಲೆಟ್ ಸುಟ್ಟು ಮೈ ಕಾಯಿಸಿಕೊಳ್ಳುತ್ತಾರೆ. ಅವರನ್ನು ದೂರುವುದಿಲ್ಲ, ರಾತ್ರಿಯೆಲ್ಲ ಚಳಿಯಲ್ಲಿ ನಿಲ್ಲುವವರು ಅವರು. ಆದರೆ ಆ ಬೆಂಕಿಗೆ ಎಂಬಿ, ಬಣ್ಣ ಬಳಿದದ್ದು, ಎಣ್ಣೆ ಕುಡಿದದ್ದು ಎಲ್ಲ ಒಟ್ಟಿಗೆ ಹೋಗುತ್ತದೆ. ಒಳ್ಳೆಯ ಎಚ್‌ಟಿ ಪೈನೂ ಅದರ ಜೊತೆಗೇ ಬೂದಿ. ಬೀದಿಯಲ್ಲಿ ಕಸ ಸುಡಬಾರದು ಅಂತ 2016ರ ಘನತ್ಯಾಜ್ಯ ನಿಯಮದಲ್ಲೇ ಬರೆದಿತ್ತು.

ನಾನು ಕೆಲಸ ಮಾಡಿದ ಕಾರ್ಖಾನೆಗೇ ಹೋಗಿ ಕೇಳಿದೆ. ಶನಿವಾರ ಒಂದು ದಿನ, ಕಲೆ ಇಲ್ಲದ ಎಚ್‌ಟಿ ಪ್ಯಾಲೆಟ್ಟುಗಳನ್ನು ಗೇಟಿನ ಪಕ್ಕ ಜೋಡಿಸಿಡಿ, ಕೈತೋಟದವರು ದುಡ್ಡು ಕೊಟ್ಟು ಒಯ್ಯಲಿ ಅಂತ. ಈಗ ಸ್ಟೋರ್ಸಿನಲ್ಲಿರುವ ಹುಡುಗ ಬಹಳ ಮರ್ಯಾದೆಯಿಂದ ಕೂರಿಸಿ, ಟೀ ತರಿಸಿ, ಆಗುವುದಿಲ್ಲ ಸರ್ ಅಂದ. ಸ್ಕ್ರ್ಯಾಪ್ ಎಲ್ಲ ಟೆಂಡರ್ ಹಿಡಿದವನಿಗೇ ಹೋಗಬೇಕಂತೆ, ಬಿಡಿಯಾಗಿ ಯಾರಿಗೂ ಗೇಟ್ ಪಾಸ್ ಕೊಡುವಂತಿಲ್ಲವಂತೆ. ಫೈಲ್ ತೆಗೆದು ತೋರಿಸಿದ. ಆ ಸುತ್ತೋಲೆಯ ಕೆಳಗೆ ತಯಾರಿಸಿದವರು ಅನ್ನುವ ಜಾಗದಲ್ಲಿ ನನ್ನದೇ ಸಹಿ ಇತ್ತು. ಟೀ ಕುಡಿದು ಎದ್ದು ಬಂದೆ.

ಬೇರೆ ಕಾರ್ಖಾನೆಗಳಲ್ಲಿ ನನ್ನ ಸಹಿ ಇಲ್ಲವಲ್ಲ. ಅಲ್ಲಿನ ಮಾಲೀಕರು ಯಾರಾದರೂ ಇದನ್ನು ಓದಿದರೆ, ಶನಿವಾರದ ವಿಚಾರ ನೋಡಿ ಅಂತ ಕೇಳಿಕೊಳ್ಳುತ್ತೇನೆ. ತೋಟಗಾರಿಕೆ ಇಲಾಖೆಯವರಿಗೂ ಒಂದು ಕೋರಿಕೆ. ಲಾಲ್‌ಬಾಗಿನ ಆಗಸ್ಟ್ ಫಲಪುಷ್ಪ ಪ್ರದರ್ಶನದಲ್ಲಿ ಬೀಜ, ಕುಂಡ, ಗೊಬ್ಬರದ ಮಳಿಗೆಗಳ ಮಧ್ಯೆ ಒಂದು ಮೇಜು ಕೊಡಿ. ಎಚ್‌ಟಿ ತುಂಡೊಂದು, ಎಂಬಿ ತುಂಡೊಂದು ಇಟ್ಟು, ನೀರಿನ ಬಾಟಲಿ ಹಿಡಿದು ಕೂರಲು ನಾನೇ ಬರುತ್ತೇನೆ. ಸಂಬಳ ಬೇಡ, ಬಸ್ ಚಾರ್ಜ್ ಕೂಡ ಬೇಡ.

ಕಾಗದ ಉದ್ದವಾಯಿತು. ಕತ್ತರಿಸುವುದಾದರೆ ಅತ್ತೆಯ ಗೇರೆಣ್ಣೆ ಬಿಟ್ಟು ಬೇರೆ ಏನನ್ನಾದರೂ ಕತ್ತರಿಸಿ, ಅವರು ಪತ್ರಿಕೆ ಬಂದಾಗ ಮೊದಲು ಅದನ್ನೇ ಹುಡುಕುತ್ತಾರೆ. ಮತ್ತೆ ಆ ಫೋಟೊದ ಮನೆಯವರು ನಿಮಗೆ ಪರಿಚಯ ಇದ್ದರೆ ದಯವಿಟ್ಟು ಒಂದು ಫೋನ್ ಮಾಡಿ. ಪ್ಯಾಲೆಟ್ ಬಿಸಾಡುವುದು ಬೇಡ, ಸುಡುವುದಂತೂ ಬೇಡವೇ ಬೇಡ. ದಾಸವಾಳದ ಕುಂಡ ಇಡಲು ಒಳ್ಳೆ ಸ್ಟ್ಯಾಂಡ್ ಆಗುತ್ತದೆ. ಕೊತ್ತಂಬರಿಯನ್ನು ಬೇರೆ ಕಡೆ ಹೊಸದಾಗಿ ಬಿತ್ತಲಿ. ಬೀಜವನ್ನು ಚಪ್ಪಲಿ ಕಾಲಿನಲ್ಲಿ ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ ಹಾಕಿದರೆ ಇನ್ನು ನಲವತ್ತು ದಿನಕ್ಕೆ ಮತ್ತೆ ಅಷ್ಟೇ ಸೊಂಪಾಗಿ ಬರುತ್ತದೆ.

ಇಂತಿ,
ನಿವೃತ್ತ ಸ್ಟೋರ್ ಕೀಪರ್,
ಬಾಗಲಗುಂಟೆ, ಬೆಂಗಳೂರು