ಸೊಂಟದಲ್ಲಿರುವ ಡಬ್ಬಿಯನ್ನು ಪರೀಕ್ಷಿಸುವವರು ಯಾರು?

ಸಂಪಾದಕರಿಗೆ ನಮಸ್ಕಾರ.

ನಾನು ಹೊರರಾಜ್ಯದ ಒಂದು ಕಲ್ಲಿದ್ದಲು ಗಣಿಯಲ್ಲಿ 20 ವರ್ಷ ದುಡಿದು ಊರಿಗೆ ಮರಳಿದವನು. ಗಣಿಗೆ ಇಳಿಯುವ ಮುಂಚೆ ಲ್ಯಾಂಪ್ ರೂಮಿನಲ್ಲಿ ತಲೆಗೆ ಲ್ಯಾಂಪು, ಸೊಂಟಕ್ಕೆ ಒಂದು ಡಬ್ಬಿ ಕೊಡುತ್ತಿದ್ದರು. ಸೆಲ್ಫ್ ರೆಸ್ಕ್ಯೂಯರ್ ಅಂತ ಅದರ ಹೆಸರು. ಕೆಳಗೆ ಬೆಂಕಿ ಬಿದ್ದು ಹೊಗೆ ತುಂಬಿದರೆ ಅದರ ಕೊಳವೆಯನ್ನು ಬಾಯಲ್ಲಿ ಕಚ್ಚಿ, ಮೂಗಿಗೆ ಕ್ಲಿಪ್ ಹಾಕಿಕೊಂಡು ಹೊರಗೆ ನಡೆಯಬೇಕು. ಒಂದು ದಿನ ನನಗೆ ಸಿಕ್ಕಿದ್ದು ನೆಗ್ಗಿದ ಡಬ್ಬಿ. ಸೀಲು ಸಡಿಲವಾಗಿತ್ತು, ಕಿವಿ ಹತ್ತಿರ ಅಲ್ಲಾಡಿಸಿದರೆ ಒಳಗೆ ಏನೋ ಪುಡಿ ಸರಿದಾಡಿದ ಸದ್ದು. ಕೊಟ್ಟವನಿಗೆ ತೋರಿಸಿದೆ. ‘ಶಿಫ್ಟಿಗೆ ಹೊತ್ತಾಯ್ತು, ಹೋಗಪ್ಪ’ ಅಂದ. ರಿಜಿಸ್ಟರಿನಲ್ಲಿ ಆ ನಂಬರಿನ ಮುಂದೆ ಟಿಕ್ ಬಿದ್ದಿತ್ತು. ಇವತ್ತಿಗೂ ಅದನ್ನು ನೆನೆದರೆ ಸಿಟ್ಟು ಬರುತ್ತದೆ.

ಆಮ್ಲಜನಕ ಕೊಡುವ ಬಗೆಯ ಡಬ್ಬಿಯೊಳಗೆ ಸಾಮಾನ್ಯವಾಗಿ ಪೊಟ್ಯಾಸಿಯಂ ಸೂಪರ್‌ಆಕ್ಸೈಡ್ ಅನ್ನುವ ರಾಸಾಯನಿಕ ಇರುತ್ತದೆ. ನಾವು ಬಿಟ್ಟ ಉಸಿರಿನ ತೇವ ತಾಗಿದ ಕೂಡಲೇ ಆಮ್ಲಜನಕ ಹುಟ್ಟುತ್ತದೆ. ಅದೇ ತೇವ ಸೀಲು ಬಿಟ್ಟ ಸಂದಿನಿಂದ ಮೊದಲೇ ಒಳಗೆ ಹೋಗಿದ್ದರೆ? ಬೇಕಾದ ಹೊತ್ತಿಗೆ ಡಬ್ಬಿ ಕೈಕೊಡುತ್ತದೆ. ಯಂತ್ರಕ್ಕೆ ತಾಗಿ, ಬಂಡೆಗೆ ಬಡಿದು ಒಳಗಿನ ರಾಸಾಯನಿಕದ ಗಟ್ಟಿಗಳು ಪುಡಿಯಾದರೂ ಉಸಿರು ಕಟ್ಟಿದ ಹಾಗಾಗುತ್ತದೆ. ಒಮ್ಮೆ ತೆರೆದರೆ ಅದು ಮತ್ತೆ ಬಳಕೆಗೆ ಬರುವುದಿಲ್ಲ, ಹಾಗಾಗಿ ಸುಮ್ನೆ ತೆರೆದು ನೋಡೋಣ ಅನ್ನುವ ಹಾಗೂ ಇಲ್ಲ. ಅದಕ್ಕೇ ಹೊರಗಿನ ತಪಾಸಣೆ ಇಷ್ಟು ಮುಖ್ಯ: ಸೀಲು, ನೆಗ್ಗು, ತೇವ ತೋರಿಸುವ ಸಣ್ಣ ಕಿಟಕಿಯ ಬಣ್ಣ, ಅವಧಿ ಮುಗಿಯುವ ದಿನ.

ಅಮೆರಿಕದ ವೆಸ್ಟ್ ವರ್ಜೀನಿಯಾದ ಸೇಗೊ ಗಣಿಯಲ್ಲಿ 2006ರ ಜನವರಿ 2ರಂದು ಸ್ಫೋಟವಾಗಿ 12 ಜನ ಸತ್ತರು. ಒಳಗೆ ಸಿಕ್ಕಿಕೊಂಡು ಬದುಕಿ ಬಂದವರು ಒಬ್ಬರೇ. ಕನಿಷ್ಠ ನಾಲ್ಕು ಡಬ್ಬಿ ಕೆಲಸ ಮಾಡಲಿಲ್ಲ, ಇದ್ದದ್ದನ್ನೇ ಹಂಚಿಕೊಂಡೆವು ಅಂತ ಅವರು ಸತ್ತವರ ಮನೆಯವರಿಗೆ ಬರೆದರು. ಡಬ್ಬಿಗಳು ಸರಿಯಾಗೇ ಇದ್ದವು ಅಂತ ತನಿಖೆ ಮಾಡಿದವರು ಹೇಳಿದರು. ಯಾರದು ನಿಜ ಅನ್ನುವ ಜಗಳಕ್ಕೆ ನಾನು ಹೋಗುವುದಿಲ್ಲ. ಡಬ್ಬಿ ಕೆಟ್ಟಿದ್ದರೆ ಪರೀಕ್ಷೆ ಸಾಲದು, ಚೆನ್ನಾಗಿದ್ದೂ ಕೆಟ್ಟಿದೆ ಅನ್ನಿಸಿದ್ದರೆ ತರಬೇತಿ ಸಾಲದು. ಅಷ್ಟೇ ಅಲ್ವಾ? ಡಬ್ಬಿ ಸರಿಯಾಗಿ ಕೆಲಸ ಮಾಡುವಾಗಲೂ ಅದರಿಂದ ಬರುವ ಗಾಳಿ ಬಿಸಿ, ಎಳೆದುಕೊಳ್ಳುವುದೂ ಕಷ್ಟ. ಗೊತ್ತಿಲ್ಲದವನು ಗಾಬರಿಯಿಂದ ಕಿತ್ತು ಬಿಸಾಡುತ್ತಾನೆ. ಆಮೇಲೆ ಅಲ್ಲಿ ಆ ಬಿಸಿ, ಆ ಬಿಗಿತ ಹೇಗಿರುತ್ತದೆ ಅಂತ ಅನುಭವಿಸಿಯೇ ಕಲಿಯುವ ತರಬೇತಿಯನ್ನು ಕಡ್ಡಾಯ ಮಾಡಿದರು. ಬಳಕೆಯಲ್ಲಿದ್ದ ಡಬ್ಬಿಗಳನ್ನು ಗಣಿಗಳಿಂದಲೇ ತಂದು ಪರೀಕ್ಷಿಸಿದಾಗ ಒಂದು ಮಾದರಿಯಲ್ಲಿ ದೋಷ ಸಿಕ್ಕಿತು, 2012ರಲ್ಲಿ ಅದನ್ನು ತೆಗೆಯಲು ಹೇಳಿದರು.

ಇಂಥ ಪರೀಕ್ಷೆ ನಮ್ಮಲ್ಲೂ ಆಗಬೇಕು. ನಮ್ಮ ಹಟ್ಟಿಯ ಚಿನ್ನದ ಗಣಿಯಲ್ಲೂ ಜನ ನೂರಾರು ಮೀಟರ್ ಆಳಕ್ಕೆ ಇಳಿಯುತ್ತಾರೆ. ಗಣಿ ಸುರಕ್ಷತೆ ನೋಡಿಕೊಳ್ಳುವ ಧನಬಾದಿನ ಮಹಾನಿರ್ದೇಶನಾಲಯ ಎಲ್ಲ ಭೂಗತ ಗಣಿಗಳ ಲ್ಯಾಂಪ್ ರೂಮಿನಿಂದ ಕೈಗೆ ಸಿಕ್ಕ ಕೆಲವು ಡಬ್ಬಿಗಳನ್ನು ಒಯ್ದು, ಮನುಷ್ಯರ ಹಾಗೆ ಉಸಿರಾಡುವ ಪರೀಕ್ಷಾ ಯಂತ್ರಕ್ಕೆ ಹಾಕಿ ನೋಡಲಿ. ಫಲಿತಾಂಶವನ್ನು ಗಣಿ ಬಾಗಿಲಲ್ಲಿ ಕನ್ನಡ, ತೆಲುಗು, ಹಿಂದಿಯಲ್ಲಿ ಅಂಟಿಸಲಿ. ನೆಗ್ಗಿದ ಡಬ್ಬಿ ಬೇಡ ಅಂದವನ ಹಾಜರಿ ಕತ್ತರಿಸದೆ ಬೇರೆ ಡಬ್ಬಿ ಕೊಡಲಿ.

– ನಿವೃತ್ತ ಗಣಿ ಕಾರ್ಮಿಕ, ಲಿಂಗಸುಗೂರು