‘ಹ್ಯಾಲ್ಸಿಯನ್’ ಪದದೊಳಗಿನ ಮಿಂಚುಳ್ಳಿ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯ ಅನುವಾದಿತ ಲೇಖನವೊಂದರಲ್ಲಿ ‘ಹ್ಯಾಲ್ಸಿಯನ್ ಡೇಸ್’ ಎಂಬ ಮಾತು ‘ಸುವರ್ಣಯುಗ’ ಎಂದಾಗಿತ್ತು. ತಪ್ಪು ಅನ್ನಲಾರೆ. ಕಳೆದುಹೋದ ಸುಖದ ಕಾಲ ಎಂಬ ಅರ್ಥ ಇಂಗ್ಲಿಷ್ ನಿಘಂಟುಗಳಲ್ಲೂ ಇದೆ. ಆದರೆ ಆ ಪದದೊಳಗೆ ಒಂದು ಹಕ್ಕಿಯಿದೆ, ಒಂದು ಕಡಲಿದೆ. ಕನ್ನಡಕ್ಕೆ ಬರುವಾಗ ಎರಡೂ ಬಿಟ್ಟುಹೋದವಲ್ಲ ಎಂದು ಬೇಸರವಾಯಿತು.

ಗ್ರೀಕರ ಕಥೆಯಲ್ಲಿ ಅಲ್ಸಿಯೊನಿ ಗಾಳಿಯ ಒಡೆಯ ಇಯೋಲಸನ ಮಗಳು. ಅವಳ ಗಂಡ ಹೋಗುತ್ತಿದ್ದ ಹಡಗು ಬಿರುಗಾಳಿಗೆ ಸಿಕ್ಕಿ ಮುಳುಗಿತು. ಅವನ ಹೆಣ ದಡದತ್ತ ತೇಲಿ ಬರುವುದನ್ನು ಕಂಡು ಆಕೆ ಕಡಲಿಗೆ ಹಾರಿದಳು. ದೇವತೆಗಳು ಮರುಗಿ ಇಬ್ಬರನ್ನೂ ಹಕ್ಕಿಗಳಾಗಿಸಿದರು. ಆ ಹಕ್ಕಿಯೇ ಮಿಂಚುಳ್ಳಿ ಎಂದು ಜನ ನಂಬಿದರು. ನಡುಚಳಿಗಾಲದಲ್ಲಿ ಅವಳು ನೀರ ಮೇಲೆ ತೇಲುವ ಗೂಡಿನಲ್ಲಿ ಕಾವಿಗೆ ಕೂರುತ್ತಾಳಂತೆ. ಆಗ ಅಪ್ಪ ಗಾಳಿಯನ್ನು ಕಟ್ಟಿಹಾಕುತ್ತಾನೆ. ಕಡಲು ಸುಮ್ಮನಾಗುತ್ತದೆ. ವರ್ಷದ ಅತಿ ಚಿಕ್ಕ ಹಗಲಿನ ಹಿಂದೆ 7, ಮುಂದೆ 7, ಒಟ್ಟು 14 ದಿನ. ಅವೇ ‘ಹ್ಯಾಲ್ಸಿಯನ್ ಡೇಸ್’. ಅರಿಸ್ಟಾಟಲ್ ಕೂಡ ಈ ಲೆಕ್ಕ ಬರೆದಿಟ್ಟಿದ್ದಾನೆ.

ನಿಜವಾದ ಮಿಂಚುಳ್ಳಿ ಕಡಲಲ್ಲಿ ಗೂಡು ಕಟ್ಟುವುದೇ ಇಲ್ಲ. ನೀರಿನ ಪಕ್ಕದ ಮಣ್ಣಿನ ದಡದಲ್ಲಿ ಬಿಲ ಕೊರೆಯುತ್ತದೆ. ‘ಹ್ಯಾಲ್ಸಿಯನ್’ ಎಂಬ ಹೆಸರಿನ ಮೊದಲಿಗಿರುವ ‘ಹ’ಕಾರವೂ ಮೂಲದ್ದಲ್ಲ. ಗ್ರೀಕಿನಲ್ಲಿ ಹಕ್ಕಿಯ ಹೆಸರು ‘ಅಲ್ಕ್ಯೋನ್’. ಕಡಲಿಗೆ ‘ಹಲ್ಸ್’ ಎಂಬ ಪದವಿತ್ತು. ಕಡಲ ಹಕ್ಕಿಯ ಹೆಸರು ಅದರಿಂದಲೇ ಬಂದಿರಬೇಕು ಅಂದುಕೊಂಡು ‘ಹ’ ಸೇರಿಸಿದರು. ಕಥೆಯ ಮೇಲಿನ ನಂಬಿಕೆ ಕಾಗುಣಿತವನ್ನೇ ಬದಲಿಸಿಬಿಟ್ಟಿತು. ನನಗೆ ಇದು ಕಥೆಗಿಂತಲೂ ಜಾಸ್ತಿ ಇಷ್ಟ. ಇಂದಿಗೂ ಮಿಂಚುಳ್ಳಿಗಳ ಒಂದು ಕುಲದ ವೈಜ್ಞಾನಿಕ ಹೆಸರು ‘ಹ್ಯಾಲ್ಸಿಯಾನ್’.

ಈಗ ‘ಸುವರ್ಣಯುಗ’ ಯಾಕೆ ಸಾಲದು ಎಂಬ ಮಾತು. ಆ 14 ದಿನಗಳ ಆಚೆಗೂ ಈಚೆಗೂ ಚಳಿಗಾಲದ ಕಡಲೇ ಇದೆ. ಬಿರುಗಾಳಿ ಮುಗಿದಿಲ್ಲ, ತಡೆದು ನಿಂತಿದೆ ಅಷ್ಟೇ. ನಿಮ್ಮ ಲೇಖನವೂ ಎರಡು ಯುದ್ಧಗಳ ನಡುವಿನ ಕೆಲವೇ ವರ್ಷಗಳ ಬಗ್ಗೆ ಇತ್ತು ಅಲ್ವಾ? ಅಲ್ಲಿ ಆ ಪದವನ್ನು ಬೇಕೆಂದೇ ಇಟ್ಟಂತೆ ಕಾಣುತ್ತದೆ. ‘ಸುವರ್ಣಯುಗ’ ಅಂದ ಕೂಡಲೇ ಅದೊಂದು ದೀರ್ಘ ವೈಭವದ ಕಾಲವಾಗಿಬಿಡುತ್ತದೆ.

ಬಿಡದೆ ಸುರಿವ ಮಳೆ ಸ್ವಲ್ಪ ಹೊತ್ತು ನಿಂತು ಬೆಳಕಾದರೆ ‘ಹೊಳವಾಯಿತು’ ಅನ್ನುವುದುಂಟು. ಮತ್ತೆ ಮಳೆ ಬರುತ್ತದೆ ಎಂದು ಗೊತ್ತಿದ್ದೇ ಆಡುವ ಮಾತದು. ‘ಹೊಳವಿನ ದಿನಗಳು’ ಎಂದಿದ್ದರೆ ಹೇಗಿರುತ್ತಿತ್ತು? ಅನುವಾದಕರು ದಯವಿಟ್ಟು ಯೋಚಿಸಲಿ.

ಇಂತಿ,
ನಿಮ್ಮ ಓದುಗ